ಪರದೆ ಕಪ್ಪಾಯಿತೆಂದು ಫಾರ್ಮ್ಯಾಟ್ ಮಾಡಬೇಡಿ

ಕಳೆದ ತಿಂಗಳು 18ನೇ ತಾರೀಖಿನ ರಾತ್ರಿ. ಅಬ್ಬಾ ಅವರ ಪಾತ್ರೆ ಅಂಗಡಿಯ ಇಡೀ ತಿಂಗಳ ಲೆಕ್ಕ ನಮ್ಮ ಮನೆಯ ಕಂಪ್ಯೂಟರಿನಲ್ಲಿತ್ತು. 20ರೊಳಗೆ ಜಿಎಸ್‌ಟಿ ರಿಟರ್ನ್ ಸಲ್ಲಿಸಬೇಕು, ತಡವಾದರೆ ದಿನದ ಲೆಕ್ಕದಲ್ಲಿ ದಂಡ. ನಾನು ಉಬುಂಟು ಅಪ್‌ಡೇಟ್ ಮಾಡಿ ರೀಸ್ಟಾರ್ಟ್ ಒತ್ತಿದೆ. ಪರದೆ ಕಪ್ಪಾಯಿತು, ಮತ್ತೆ ಏನೂ ಬರಲಿಲ್ಲ.

“ಕ್ಯಾ ಹುವಾ ಬೇಟಾ?” ಎಂದರು ಅಬ್ಬಾ. ನನ್ನಲ್ಲಿ ಉತ್ತರ ಇರಲಿಲ್ಲ. ಫೋನಿನಲ್ಲಿ ಕೇಳಿದರೆ ರಿಪೇರಿಯವರೊಬ್ಬರು “ಫಾರ್ಮ್ಯಾಟ್ ಹೊಡೀಬೇಕು” ಎಂದರು. ಹಾಗೆ ಮಾಡಿದ್ದರೆ ಲೆಕ್ಕವೆಲ್ಲ ಅಳಿಸಿಹೋಗುತ್ತಿತ್ತು. ಅದರ ಪ್ರತಿ ಬೇರೆಲ್ಲೂ ಇರಲಿಲ್ಲ. ಆ ರಾತ್ರಿ ಕಲಿತದ್ದನ್ನು ನಿಮಗೂ ಹೇಳುತ್ತೇನೆ.

ಡ್ರೈವರ್ ಎಂದರೇನು? ನನ್ನ ನಾನಿಗೆ ಕನ್ನಡ ಬರುವುದಿಲ್ಲ. ಬ್ಯಾಂಕಿಗೆ ಹೋದಾಗ ಅವರ ಮಾತನ್ನು ಅಲ್ಲಿನವರಿಗೆ, ಅಲ್ಲಿನವರ ಮಾತನ್ನು ಅವರಿಗೆ ನಾನೇ ಹೇಳುತ್ತೇನೆ. ಡ್ರೈವರ್ ಮಾಡುವುದೂ ಇದೇ ಕೆಲಸ. ಲಿನಕ್ಸಿನ ತಿರುಳಾದ ಕರ್ನೆಲ್‌ಗೂ ಗ್ರಾಫಿಕ್ಸ್ ಕಾರ್ಡಿಗೂ ಅದು ದುಭಾಷಿ. ಇಂಟೆಲ್ ಮತ್ತು ಎಎಂಡಿ ಕಾರ್ಡುಗಳ ಡ್ರೈವರ್ ಕರ್ನೆಲ್ ಜೊತೆಗೇ ಬರುತ್ತದೆ. ಎನ್‌ವಿಡಿಯಾ ಕಾರ್ಡಿಗೆ ಕರ್ನೆಲ್‌ನಲ್ಲೇ ‘ನೂವೋ’ ಎಂಬ ಮುಕ್ತ ಡ್ರೈವರ್ ಇದೆ. ಕಂಪನಿಯದೇ ಡ್ರೈವರ್ ಬೇಕಾದರೆ ಬೇರೆಯಾಗಿ ಹಾಕಿಕೊಳ್ಳಬೇಕು.

ನಮ್ಮದು ಎನ್‌ವಿಡಿಯಾ. ಗೇಮ್ ಆಡುವ ಆಸೆಗೆ ನಾನು ಡ್ರೈವರ್ ಫೈಲನ್ನು ನೇರವಾಗಿ ಡೌನ್‌ಲೋಡ್ ಮಾಡಿ ಕೈಯಾರೆ ಹಾಕಿದ್ದೆ. ಅದು ಆಗಿದ್ದ ಕರ್ನೆಲ್‌ಗೆ ಮಾತ್ರ ಹೊಂದುವಂತೆ ತಯಾರಾಗಿತ್ತು. ಅಪ್‌ಡೇಟ್‌ನಲ್ಲಿ ಹೊಸ ಕರ್ನೆಲ್ ಬಂದಾಗ ಹೊಂದಲಿಲ್ಲ. ಅದನ್ನು ಹಾಕುವಾಗ ನೂವೋವನ್ನು ತಡೆದಿದ್ದರಿಂದ ಅದೂ ನೆರವಿಗೆ ಬರಲಿಲ್ಲ. ತಪ್ಪು ಕಾರ್ಡಿನದಲ್ಲ, ಉಬುಂಟುವಿನದೂ ಅಲ್ಲ, ನನ್ನದೇ.

ಇಂಥ ಸಂದರ್ಭದಲ್ಲಿ ಹೀಗೆ ಮಾಡಿ:

1. ಮೊದಲು ಕೇಬಲ್ ನೋಡಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾನಿಟರ್ ಕೇಬಲ್ ಆ ಕಾರ್ಡಿಗೇ ಸೇರಿರಬೇಕು, ಮದರ್‌ಬೋರ್ಡಿಗಲ್ಲ. ಕ್ಯಾಪ್ಸ್ ಲಾಕ್ ಒತ್ತಿ. ಅದರ ದೀಪ ಹತ್ತಿ ಆರಿದರೆ ಯಂತ್ರ ಕೆಲಸ ಮಾಡುತ್ತಿದೆ, ಚಿತ್ರ ಮಾತ್ರ ಬರುತ್ತಿಲ್ಲ ಎಂದರ್ಥ.

2. ಮತ್ತೆ ಆನ್ ಮಾಡಿ, ಆರಂಭದಲ್ಲೇ ಎಸ್ಕೇಪ್ ಕೀಲಿ ಒತ್ತಿ. ಹಳೆಯ ಬಯೋಸ್ ಯಂತ್ರಗಳಲ್ಲಿ ಶಿಫ್ಟ್ ಹಿಡಿದಿರಬೇಕು. ಗ್ರಬ್ ಮೆನು ಬರುತ್ತದೆ. ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹೋಗಿ ಹಿಂದಿನ ಕರ್ನೆಲ್ ಆರಿಸಿ. ನನಗೆ ಇಲ್ಲೇ ಪರದೆ ಮರಳಿ ಬಂತು. ಮೊದಲು ಮಾಡಿದ ಕೆಲಸ, ಲೆಕ್ಕದ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡದ್ದು.

3. ಅದೂ ಆಗದಿದ್ದರೆ ಗ್ರಬ್‌ನಲ್ಲಿ ಉಬುಂಟು ಸಾಲಿನ ಮೇಲೆ ನಿಂತು ‘ಇ’ ಕೀಲಿ ಒತ್ತಿ. ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ಒಂದು ಜಾಗ ಬಿಟ್ಟು ‘ನೋಮೋಡ್‌ಸೆಟ್’ ಎಂಬ ಒಂದೇ ಪದವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಸೇರಿಸಿ, ಎಫ್10 ಒತ್ತಿ. ಚಿತ್ರ ದಪ್ಪದಪ್ಪವಾಗಿ, 1024×768 ಅಳತೆಯಲ್ಲಿ ಬಂದರೂ ಗಾಬರಿ ಬೇಡ. ಈ ಬದಲಾವಣೆ ಆ ಒಂದು ಸಲಕ್ಕೆ ಮಾತ್ರ.

4. ಕೈಯಾರೆ ಹಾಕಿದ ಡ್ರೈವರನ್ನು ಅದರದೇ ಅನ್‌ಇನ್‌ಸ್ಟಾಲ್ ಸೌಲಭ್ಯದಿಂದ ತೆಗೆಯಿರಿ. ಬಳಿಕ ಉಬುಂಟುವಿನ ‘ಅಡಿಷನಲ್ ಡ್ರೈವರ್ಸ್’ ತೆರೆದು ‘ಟೆಸ್ಟೆಡ್’ ಎಂದಿರುವುದನ್ನು ಆರಿಸಿ. ಲಿನಕ್ಸ್ ಮಿಂಟ್‌ನಲ್ಲಿ ಇದರ ಹೆಸರು ‘ಡ್ರೈವರ್ ಮ್ಯಾನೇಜರ್’. ಹೀಗೆ ಹಾಕಿದ ಡ್ರೈವರ್ ಕರ್ನೆಲ್ ಬದಲಾದಾಗ ತಾನೂ ಜೊತೆಗೆ ಬದಲಾಗುತ್ತದೆ.

5. ಸೆಕ್ಯೂರ್ ಬೂಟ್ ಆನ್ ಇದ್ದರೆ ಒಂದು ಪಾಸ್‌ವರ್ಡ್ ಕೇಳಬಹುದು. ಬರೆದಿಟ್ಟುಕೊಳ್ಳಿ. ರೀಸ್ಟಾರ್ಟ್ ಆದಾಗ ಬರುವ ನೀಲಿ ಪರದೆಯಲ್ಲಿ ‘ಎನ್‌ರೋಲ್ ಮೋಕ್’ ಆರಿಸಿ ಅದನ್ನೇ ಕೊಡಬೇಕು. ಈ ಹೆಜ್ಜೆ ಬಿಟ್ಟರೆ ಡ್ರೈವರ್ ಕೆಲಸ ಮಾಡುವುದಿಲ್ಲ.

6. ಕೊನೆಗೆ ಸೆಟ್ಟಿಂಗ್ಸ್‌ನ ‘ಡಿಸ್‌ಪ್ಲೇಸ್’ನಲ್ಲಿ ನಿಮ್ಮ ಮಾನಿಟರಿನ ಅಳತೆ ಆರಿಸಿ. ನಮ್ಮದು 1920×1080.

ರಾತ್ರಿ ಒಂದು ಗಂಟೆಗೆ ಎಲ್ಲ ಸರಿಯಾಯಿತು. ಮರುದಿನವೇ ರಿಟರ್ನ್ ಸಲ್ಲಿಕೆಯಾಯಿತು.

ನಾವು ಕಾಮರ್ಸ್‌ನವರು. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ಲೆಡ್ಜರ್ ಹರಿದು ಹಾಕುತ್ತೇವೆಯೇ? ಒಂದೊಂದೇ ಎಂಟ್ರಿ ನೋಡುತ್ತಾ ತಪ್ಪು ಎಲ್ಲಿದೆ ಎಂದು ಹುಡುಕುತ್ತೇವೆ. ಕಂಪ್ಯೂಟರಿಗೂ ಅಷ್ಟೇ ತಾಳ್ಮೆ ಸಾಕು. ಕಪ್ಪು ಪರದೆಯ ಹಿಂದೆ ನಿಮ್ಮ ಫೈಲುಗಳು ಬಹುತೇಕ ಇದ್ದಲ್ಲೇ ಇರುತ್ತವೆ.

ಈಗ ಪ್ರತಿ ಶುಕ್ರವಾರ ಜುಮಾ ನಮಾಜ್ ಮುಗಿಸಿ ಬಂದ ಮೇಲೆ ಅಬ್ಬಾ ಪೆನ್‌ಡ್ರೈವ್ ತಂದು ನನ್ನ ಮುಂದೆ ಇಡುತ್ತಾರೆ. ಏನೂ ಹೇಳುವುದಿಲ್ಲ. ನಾನು ಲೆಕ್ಕದ ಪ್ರತಿ ತೆಗೆದು ಕೊಡುತ್ತೇನೆ.