ನಾಯಿ ಕಚ್ಚಿದೊಡನೆ ಮಾಡತಕ್ಕದ್ದು

ನಾಯಿ ಕಚ್ಚಿದ ಗಾಯಕ್ಕೆ ಸುಣ್ಣವನ್ನೋ ಖಾರದ ಪುಡಿಯನ್ನೋ ಮೆತ್ತುವ ರೂಢಿ ಇನ್ನೂ ತೊಲಗಿಲ್ಲವೆಂಬುದು ವಿಷಾದಕರ. ಹುಚ್ಚುನಾಯಿಯ ಜೊಲ್ಲಿನೊಡನೆ ಗಾಯವನ್ನು ಹೊಕ್ಕ ರೇಬೀಸ್ ವಿಷಾಣುವು ನರಗಳ ಮಾರ್ಗವಾಗಿ ಮಿದುಳನ್ನು ಸೇರುವುದು. ಅದಕ್ಕೆ ಸಾಮಾನ್ಯವಾಗಿ ವಾರಗಳೋ ತಿಂಗಳುಗಳೋ ಬೇಕು. ಆ ಅವಧಿಯೇ ನಮಗಿರುವ ಅವಕಾಶ. ಜಲಭೀತಿ ತಲೆದೋರಿದ ಬಳಿಕ ಬದುಕುಳಿದವರು ಅತಿ ವಿರಳ.

ಆದುದರಿಂದ ಕಚ್ಚಿದೊಡನೆ ಗಾಯಕ್ಕೆ ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು. ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುವರು. ಹೊಕ್ಕುಳ ಸುತ್ತ 14 ಸೂಜಿಗಳೆಂಬ ಭಯ ನಮ್ಮ ವಯಸ್ಸಿನವರನ್ನು ಇನ್ನೂ ಬಿಟ್ಟಿಲ್ಲ. ಆ ಪದ್ಧತಿ ನಿಂತು ಎರಡು ದಶಕಗಳಾದುವು. ಈಗ ತೋಳಿಗೆ, 28 ದಿನಗಳಲ್ಲಿ ನಾಲ್ಕೈದು ಸಲ ಮಾತ್ರ, ನಡುವೆ ನಿಲ್ಲಿಸಲಾಗದು. ಬೈಗುಳಕ್ಕಂಜಿ ಮಕ್ಕಳು ಪರಚುಗಾಯವನ್ನು ಮುಚ್ಚಿಡುವರು. ಉಪಾಧ್ಯಾಯರು ಗದರದೆ ವಿಚಾರಿಸಿದರೆ ಅದು ಹೊರಬೀಳುವುದು.