ಮಾತ್ರೆಯ ಜೊತೆಗೆ ಮನುಷ್ಯರೂ ಬೇಕು

ಮಕ್ಕಳೇ, ಎಚ್‌ಐವಿ ಹೇಗೆ ಹರಡುತ್ತೆ, ಹೇಗೆ ಹರಡಲ್ಲ ಎಂಬುದನ್ನು ವಿಜ್ಞಾನ ಪಾಠದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು ಮುಗಿಸುತ್ತೇವೆ. ಆದರೆ ಸೋಂಕು ಇದೆ ಅಂತ ಗೊತ್ತಾದ ಮೇಲೆ ಒಬ್ಬ ಮನುಷ್ಯ ಮುಂದಿನ ಮೂವತ್ತು ನಲವತ್ತು ವರ್ಷ ಚಿಕಿತ್ಸೆ ಬಿಡದೆ ಹೇಗೆ ಬದುಕುತ್ತಾನೆ? ಪಾಠದಲ್ಲಿ ಇಲ್ಲದ ಆ ಭಾಗವನ್ನು ಈ ಸಲ ನೋಡೋಣ.

ಮಾತ್ರೆ ಏನು ಮಾಡುತ್ತೆ?

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು ನಮ್ಮ ರಾಜ್ಯದ ಚೆನ್ನೈನಲ್ಲಿ, 1986ರಲ್ಲಿ. ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅದನ್ನು ಕಂಡುಹಿಡಿದರು. ಆಗ ಇದಕ್ಕೆ ಔಷಧಿಯೇ ಇರಲಿಲ್ಲ. 2004ರ ಏಪ್ರಿಲ್ 1ರಿಂದ ಸರ್ಕಾರಿ ಕೇಂದ್ರಗಳಲ್ಲಿ ಎಆರ್‌ಟಿ ಚಿಕಿತ್ಸೆ ಉಚಿತವಾಗಿ ಸಿಗತೊಡಗಿತು.

ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ. ಅದರೊಳಗೆ ಟೆನೊಫೋವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಿಗಳಿವೆ. ವೈರಸ್ ತನ್ನ ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ಬದಲಿಸುವುದನ್ನು ಮೊದಲಿನ ಎರಡು ತಡೆಯುತ್ತವೆ. ಆ ಡಿಎನ್‌ಎ ನಮ್ಮ ಜೀವಕೋಶದ ಡಿಎನ್‌ಎಗೆ ಸೇರಿಕೊಳ್ಳದಂತೆ ಮೂರನೆಯದು ತಡೆಯುತ್ತೆ. ದಿನವೂ ತಪ್ಪದೆ ತೆಗೆದುಕೊಂಡರೆ ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗುತ್ತೆ, ಸಿಡಿ4 ಕೋಶಗಳು ಮತ್ತೆ ಹೆಚ್ಚುತ್ತವೆ. ವೈರಸ್ ಹೀಗೆ ಹತೋಟಿಯಲ್ಲೇ ಇದ್ದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೂ ಸೋಂಕು ಹರಡುವುದಿಲ್ಲ.

ಆದರೆ ವೈರಸ್ ಪೂರ್ತಿ ಹೋಗಿರುವುದಿಲ್ಲ, ಕೆಲವು ಕೋಶಗಳಲ್ಲಿ ಅಡಗಿ ಕುಳಿತಿರುತ್ತೆ. ಮಾತ್ರೆ ಬಿಟ್ಟರೆ ಮತ್ತೆ ಹೆಚ್ಚುತ್ತೆ. ಬಿಟ್ಟು ಬಿಟ್ಟು ತೆಗೆದುಕೊಂಡರೆ ಔಷಧಿಗೆ ಬಗ್ಗದ ವೈರಸ್‌ಗಳು ಉಳಿದು ಬೆಳೆಯಬಹುದು. ನೀವು ಓದಿದ ನೈಸರ್ಗಿಕ ಆಯ್ಕೆ ಇಲ್ಲಿಯೂ ನಡೆಯುತ್ತೆ.

ಫೋನ್ ಮಾಡಿ ನೆನಪಿಸಿದರೆ ಸಾಕೇ?

"ಮರೆತು ಬಿಡ್ತಾರೆ, ನೆನಪಿಸಿದರೆ ಸರಿಹೋಗುತ್ತೆ" ಅಂತ ನಮಗೆ ತೋಚುವುದು ಸಹಜ. ಇದು ನಿಜವೇ ಎಂದು ದಕ್ಷಿಣ ಭಾರತದ ಮೂರು ಚಿಕಿತ್ಸಾ ಕೇಂದ್ರಗಳಲ್ಲಿ ಪರೀಕ್ಷಿಸಿ ನೋಡಿದರು. ಹೊಸದಾಗಿ ಚಿಕಿತ್ಸೆ ಆರಂಭಿಸಿದ 631 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಎರಡೂ ಗುಂಪಿಗೆ ಎಂದಿನ ಚಿಕಿತ್ಸೆ ಮತ್ತು ಸಲಹೆ ಸಿಕ್ಕಿತು. ಒಂದು ಗುಂಪಿಗೆ ಮಾತ್ರ ಅದರ ಜೊತೆಗೆ ವಾರವಾರವೂ ಫೋನ್ ಕರೆ ಮತ್ತು ಚಿತ್ರ ಸಂದೇಶ ಬರುತ್ತಿತ್ತು. 96 ವಾರ ಗಮನಿಸಿದರು. ಫಲಿತಾಂಶ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು: ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ!

ಅಂದರೆ ಯಂತ್ರದ ನೆನಪೋಲೆ ಒಂದರಿಂದಲೇ ಕೆಲಸ ಆಗಲಿಲ್ಲ. ಹಾಗಾದರೆ ಬೇರೆ ಏನು ಬೇಕು?

ದಾರಿ, ಕೂಲಿ, ಭಾಷೆ

ನಮ್ಮ ಸೂಳಗಿರಿಯನ್ನೇ ತೆಗೆದುಕೊಳ್ಳಿ. ಒಂದು ಕಡೆ ಹೊಸೂರು, ಇನ್ನೊಂದು ಕಡೆ ಕೃಷ್ಣಗಿರಿ. ಹೂವಿನ ತೋಟಕ್ಕೋ ಟೊಮೆಟೊ ಹೊಲಕ್ಕೋ ಕೂಲಿಗೆ ಹೋಗುವವರು ಜಿಲ್ಲಾ ಆಸ್ಪತ್ರೆಗೆ ಹೋಗಿಬರಬೇಕೆಂದರೆ ಬಸ್ ಚಾರ್ಜೂ ಹೋಯಿತು, ಆ ದಿನದ ಕೂಲಿಯೂ ಹೋಯಿತು. ಅದಕ್ಕೇ ದೊಡ್ಡ ಕೇಂದ್ರಗಳಿಗೆ ಜೋಡಿಸಿದ ಲಿಂಕ್ ಎಆರ್‌ಟಿ ಕೇಂದ್ರಗಳನ್ನು ಊರುಗಳಿಗೆ ಹತ್ತಿರದಲ್ಲಿ ತೆರೆದರು. 2020ರ ಕೊರೊನಾ ಕಾಲದಲ್ಲಿ ಹಲವರಿಗೆ ಒಂದಕ್ಕಿಂತ ಹೆಚ್ಚು ತಿಂಗಳ ಮಾತ್ರೆ ಒಟ್ಟಿಗೇ ಕೊಟ್ಟರು. ಭಾಷೆಯೂ ಮುಖ್ಯ. ಕನ್ನಡ, ತೆಲುಗು, ತಮಿಳು ಮೂರೂ ಆಡುವ ನಮ್ಮ ಕಡೆ, ಸಲಹೆಗಾರರು ಮನೆಮಾತಿನಲ್ಲಿ ಮಾತಾಡಿಸಿದರೆ ರೋಗಿ ಮನಸ್ಸು ಬಿಚ್ಚಿ ಕೇಳಬಲ್ಲರು.

ಗೊತ್ತಿರುವ ಒಬ್ಬರಾದರೂ ಇರಲಿ

ಮನೆಯಲ್ಲಿ ಯಾರಿಗೂ ಹೇಳದವರು ಮಾತ್ರೆಯನ್ನು ಬಚ್ಚಿಟ್ಟು ನುಂಗಬೇಕು. ನೆಂಟರು ಬಂದರೆ, ಮದುವೆಗೆ ಹೋದರೆ ಆ ದಿನ ತಪ್ಪಿಹೋಗುತ್ತೆ. ಅಮ್ಮನೋ, ಅಕ್ಕನೋ, ಗಂಡನೋ, ಒಬ್ಬರಿಗಾದರೂ ವಿಷಯ ತಿಳಿದು ಜೊತೆ ನಿಂತರೆ ಚಿಕಿತ್ಸೆಯಲ್ಲಿ ಉಳಿಯುವುದು ಸುಲಭವಾಗುತ್ತೆ. ಅವಮಾನದ ಭಯ ಹೆಚ್ಚಿದಷ್ಟೂ ಮಾತ್ರೆ ತಪ್ಪುತ್ತೆ. ಅನೇಕ ದೇಶಗಳ ಅಧ್ಯಯನಗಳಲ್ಲಿ ಇದು ಕಂಡುಬಂದಿದೆ.

ಮನೆಯವರೇ ದೂರ ಮಾಡಿದರೆ? ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತರು ತಾವೇ ಸೇರಿ ಅಶೋದಯ ಸಮಿತಿ ಕಟ್ಟಿಕೊಂಡರು. ಅದೇ ಕಷ್ಟ ಉಂಡವರು ಆಸ್ಪತ್ರೆಗೆ ಜೊತೆಯಲ್ಲಿ ಹೋಗುತ್ತಾರೆ, ಬಿಟ್ಟವರನ್ನು ಹುಡುಕಿ ಮಾತಾಡಿಸುತ್ತಾರೆ. ತಾನಾಗಿ ಬರುವ ಫೋನ್ ಕರೆ ಈ ಕೆಲಸ ಮಾಡಲಾರದು.

ಕಾನೂನು ಯಾರ ಪರ?

2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಶಾಲೆ, ಕೆಲಸ, ಆಸ್ಪತ್ರೆ ಎಲ್ಲೂ ಎಚ್‌ಐವಿ ಕಾರಣಕ್ಕೆ ಭೇದ ಮಾಡುವಂತಿಲ್ಲ. ಸೋಂಕು ಇರುವ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗ ಮಾಡುವುದಕ್ಕೂ ಕಾಯ್ದೆಯ ತಡೆಯಿದೆ. ಇದರಲ್ಲಿ ನಿಮ್ಮ ವಯಸ್ಸಿನವರ ಬಗ್ಗೆಯೂ ಒಂದು ಮಾತಿದೆ. ಎಚ್‌ಐವಿ ಬಾಧಿತ ಕುಟುಂಬವನ್ನು ನೋಡಿಕೊಳ್ಳುತ್ತಿರುವ, ತಿಳಿವಳಿಕೆಯುಳ್ಳ 12ರಿಂದ 18 ವರ್ಷದೊಳಗಿನ ಅಕ್ಕ ಅಥವಾ ಅಣ್ಣ ತನ್ನ ತಮ್ಮ ತಂಗಿಯರನ್ನು ಶಾಲೆಗೆ ಸೇರಿಸುವುದಕ್ಕೆ, ಚಿಕಿತ್ಸೆ ಕೊಡಿಸುವುದಕ್ಕೆ ಪೋಷಕರಾಗಬಹುದು. ಎಂಟನೇ ತರಗತಿಯ ಹುಡುಗಿಯೊಬ್ಬಳು ತಮ್ಮನ ಕೈಹಿಡಿದು ಶಾಲೆಗೆ ಬಂದರೆ ಅವಳ ಮಾತಿಗೆ ಬೆಲೆ ಇರಲಿ ಎಂದೇ ಈ ನಿಯಮ.

ನಾವು ಏನು ಮಾಡಬಹುದು?

- ಜೊತೆಯಲ್ಲಿ ಕೂತು ಊಟ ಮಾಡಿದರೆ, ಕೈಹಿಡಿದು ಆಡಿದರೆ, ಸೊಳ್ಳೆ ಕಚ್ಚಿದರೆ ಎಚ್‌ಐವಿ ಬರಲ್ಲ. ಇದನ್ನು ಮನೆಯಲ್ಲೂ ಹೇಳಿ.
- ಯಾರಿಗೆ ಇದೆ, ಹೇಗೆ ಬಂತು ಅಂತ ಕೆದಕಬೇಡಿ. ಗೊತ್ತಾದರೂ ಇನ್ನೊಬ್ಬರಿಗೆ ಹೇಳಬೇಡಿ.
- ಸಹಪಾಠಿ ತಿಂಗಳಿಗೊಮ್ಮೆ ರಜೆ ಹಾಕಿದರೆ ಕಾರಣ ಕೇಳುವ ಬದಲು ಅವತ್ತಿನ ನೋಟ್ಸ್ ಕೊಡಿ.
- ಸಂದೇಹಗಳಿಗೆ 1097ಕ್ಕೆ ಉಚಿತವಾಗಿ ಕರೆ ಮಾಡಬಹುದು.

ತರಗತಿಯಲ್ಲಿ ಚರ್ಚಿಸಿ: ಮೇಲಿನ ಪ್ರಯೋಗದಲ್ಲಿ ಫೋನ್ ಕರೆ ಬಾರದ ಗುಂಪು ಯಾಕೆ ಬೇಕಿತ್ತು? ಅದಿಲ್ಲದಿದ್ದರೆ ನಾವು ಯಾವ ತಪ್ಪು ತೀರ್ಮಾನಕ್ಕೆ ಬರುತ್ತಿದ್ದೆವು? ಉತ್ತರ ಬರೆದು ನಿಮ್ಮ ವಿಜ್ಞಾನ ಶಿಕ್ಷಕರಿಗೆ ಕೊಡಿ.