ಕೆಂಪು ನೀರಿನೊಳಗಿಂದ ಮಾತು ಮೇಲೆ ಬರುವುದು ಹೇಗೆ?

[ದೃಶ್ಯ: ತಂಗಡಗಿ ಸೇತುವೆ, ತುಂಬಿದ ಹೊಳೆ]
ಮುದ್ದೇಬಿಹಾಳದ ತಂಗಡಗಿ ಬಳಿ ಮಳೆಗಾಲದ ಕೃಷ್ಣೆ ನೋಡಿ. ಈ ಕೆಂಪು ನೀರಲ್ಲಿ ಚಾಚಿದ ಕೈಯೇ ಕಾಣದು. ಹುಡುಕಾಟಕ್ಕಿಳಿದ ಮುಳುಗು ತಜ್ಞರಿಗೆ ಕೈಸನ್ನೆ ಉಪಯೋಗಕ್ಕೆ ಬಾರದು. ಸಾಮಾನ್ಯ ಸ್ಕೂಬಾದಲ್ಲಿ ಉಸಿರಾಟಕ್ಕೆ ಗಾಳಿ ಕೊಡುವ ರೆಗ್ಯುಲೇಟರ್ ಬಾಯಲ್ಲಿ ಕಚ್ಚಿರಬೇಕು, ಮಾತಾಡುವಂತಿಲ್ಲ.

[ದೃಶ್ಯ: ಮಾಸ್ಕ್‌ನ ಒಳಭಾಗ]
ಇದಕ್ಕೆ ಪರಿಹಾರ ಫುಲ್ ಫೇಸ್ ಮಾಸ್ಕ್. ಅದು ಕಣ್ಣು, ಮೂಗು, ಬಾಯಿ ಮೂರನ್ನೂ ಮುಚ್ಚುತ್ತದೆ. ಬಾಯಿ ಖಾಲಿ, ಮಾತು ಸಲೀಸು. ಕೊಳಕು ನೀರೂ ಮುಖಕ್ಕೆ ತಾಗದು. ಒಳಗಿನ ಪುಟ್ಟ ರಬ್ಬರ್ ಕಪ್ ಬಿಟ್ಟ ಉಸಿರು ಮಾಸ್ಕ್ ತುಂಬ ನಿಲ್ಲದಂತೆ ನೋಡಿಕೊಳ್ಳುತ್ತದೆ. ಮೈಕ್ ಇರುವುದೂ ಅಲ್ಲೇ.

[ದೃಶ್ಯ: ದೋಣಿ, ಸ್ಪೀಕರ್ ಪೆಟ್ಟಿಗೆ]
ರೇಡಿಯೊ ಅಲೆ ನೀರಲ್ಲಿ ದೂರ ಹೋಗದು. ಶಬ್ದ ಮಾತ್ರ ಗಾಳಿಯಲ್ಲಿ ಸಾಗುವುದಕ್ಕಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಸಾಗುತ್ತದೆ. ಅದಕ್ಕೇ ಮಾಸ್ಕ್‌ಗೆ ಜೋಡಿಸಿದ ಯಂತ್ರ ಮಾತನ್ನು ಕಿವಿಗೆ ಕೇಳದ ಅಲ್ಟ್ರಾಸೌಂಡ್ ಮಾಡಿ ಕಳಿಸುತ್ತದೆ. ದೋಣಿಯ ಪೆಟ್ಟಿಗೆ ಅದನ್ನು ಮತ್ತೆ ಮಾತಾಗಿಸುತ್ತದೆ. ಮುಳುಗುವವರಿಗೆ ಕಟ್ಟಿದ ಹಗ್ಗದ ಜೊತೆ ತಂತಿ ಇದ್ದರೆ ಧ್ವನಿ ಇನ್ನೂ ಸ್ಪಷ್ಟ.

[ದೃಶ್ಯ: ಸಿಲಿಂಡರ್, ಬದಲಿ ಮಾಸ್ಕ್]
ಎಚ್ಚರ! ಮಾತು ಹೆಚ್ಚಾದಷ್ಟೂ ಗಾಳಿಯ ಸಿಲಿಂಡರ್ ಬೇಗ ಖಾಲಿ. ಬದಲಿ ಮಾಸ್ಕ್, ಬದಲಿ ರೆಗ್ಯುಲೇಟರ್ ಜೊತೆಗಿರಲೇಬೇಕು. ತರಬೇತಿ ಇಲ್ಲದೆ ಯಾರೂ ಇಳಿಯಬೇಡಿ.

ಕೃಷ್ಣಾ ತೀರದ ಪ್ರತಿ ಅಗ್ನಿಶಾಮಕ ಠಾಣೆಯಲ್ಲೂ ಇಂಥ ಮಾಸ್ಕ್ ಇರಲಿ, ಬಳಸಲು ಕಲಿತ ಸಿಬ್ಬಂದಿಯೂ ಇರಲಿ. ಇದನ್ನು ನಾವೆಲ್ಲ ಸೇರಿ ಕೇಳೋಣ.